ಸರ್ಕಾರದ ದುಡ್ಡಿನ ದೊಡ್ಡ ಯಂತ್ರಗಳು: ಸ್ಯಾಂಪಲ್ ಕಳಿಸುವವಳ ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮಾಡುವವರಿಗೆ ಸೈಫ್ ಕೇಂದ್ರಗಳು (ಹೊರಗಿನವರ ಸ್ಯಾಂಪಲ್ಲನ್ನೂ ಫೀಸು ತಗೊಂಡು ದೊಡ್ಡ ಯಂತ್ರಗಳಲ್ಲಿ ಪರೀಕ್ಷಿಸಿಕೊಡುವ, ಸರ್ಕಾರಿ ನೆರವಿನ ಲ್ಯಾಬ್‌ಗಳು) ಮತ್ತು ಐ-ಸ್ಟೆಮ್ ಪೋರ್ಟಲ್ (ಅಂಥ ಯಂತ್ರ ಎಲ್ಲಿದೆ ಅಂತ ಹುಡುಕಿ ಬುಕ್ ಮಾಡುವ ವೆಬ್‌ಸೈಟ್) ಇಲ್ಲದಿದ್ದರೆ ಕೆಲಸ ಮುಂದೆ ಸಾಗುವುದೇ ಇಲ್ಲ. ಧೈರ್ಯವಾಗಿ ಬಳಸಿ. ಆದರೆ ಯಾವ ಕೇಂದ್ರದಲ್ಲಿ ಎಂಥ ಯಂತ್ರ ಇದೆ ಅಂತ ನೋಡಿ ಆರಿಸಬೇಡಿ. ಆ ಯಂತ್ರದ ಮುಂದೆ ಯಾರು ಕೂತಿದ್ದಾರೆ ಅಂತ ವಿಚಾರಿಸಿ ಆರಿಸಿ. ಅದೇ ಇಲಾಖೆಯ ಗ್ರಾಂಟ್, ಹೆಚ್ಚುಕಡಿಮೆ ಅದೇ ಯಂತ್ರ. ಆದರೂ ಒಂದು ಕಡೆಯಿಂದ ಬಂದ ರಿಪೋರ್ಟ್ ನೇರವಾಗಿ ಥೀಸಿಸ್‌ಗೆ ಹೋಗುತ್ತದೆ, ಇನ್ನೊಂದು ಕಡೆಯದ್ದು ಡ್ರಾಯರ್‌ಗೆ.

ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಪಿಎಚ್ ಮೀಟರ್, ಕಲರಿಮೀಟರ್, ಒಂದು ಯುವಿ ಯಂತ್ರ ಇವೆ. ಓವನ್ ಇದೆ, ಅದರ ಥರ್ಮೋಸ್ಟಾಟ್ ಮೇಲೆ ನಂಬಿಕೆ ಇಲ್ಲ. ನಾನು ಮಾಡುವುದು ಶಿಫ್ ಬೇಸ್ ಅನ್ನುವ ಸಾವಯವ ಸಂಯುಕ್ತಗಳನ್ನು ಮತ್ತು ಅವಕ್ಕೆ ಸತು, ತಾಮ್ರ ಸೇರಿಸಿದ ಕಾಂಪ್ಲೆಕ್ಸ್‌ಗಳನ್ನು. ಫ್ಲಾಸ್ಕಿನಲ್ಲಿ ಹಳದಿ ಪುಡಿ ಬಂದಮೇಲೆ ಅದು ನಾನು ಅಂದುಕೊಂಡ ಪುಡಿಯೇ ಅಂತ ತೋರಿಸಬೇಕಲ್ವಾ? ಅದಕ್ಕೆ ಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಣುವಿನ ಬಾಂಡ್‌ಗಳನ್ನು ಗುರುತಿಸುವುದು) ಬೇಕು, ಪ್ರೋಟಾನ್ ಮತ್ತು ಕಾರ್ಬನ್ ಎನ್‌ಎಂಆರ್ (ಬಲವಾದ ಆಯಸ್ಕಾಂತದಲ್ಲಿಟ್ಟು ಅಣುವಿನ ರಚನೆ ತಿಳಿಯುವುದು) ಬೇಕು, ಮಾಸ್ (ಅಣುವಿನ ತೂಕ ಅಳೆಯುವುದು) ಬೇಕು. ತಾಮ್ರದ ಕಾಂಪ್ಲೆಕ್ಸ್‌ಗೆ ಎನ್‌ಎಂಆರ್ ಆಗಿಬರುವುದಿಲ್ಲ, ಅದಕ್ಕೆ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಹಿಡಿಯುವ ಇಪಿಆರ್ ಬೇಕು. ಈ ಯಂತ್ರಗಳಲ್ಲಿ ಕೆಲವಕ್ಕೆ ಕೋಟಿಗಟ್ಟಲೆ ಬೆಲೆ. ನಮ್ಮ ಕಾಲೇಜಿನ ಇಡೀ ವರ್ಷದ ಲ್ಯಾಬ್ ಬಜೆಟ್ಟಿನಲ್ಲಿ ಅದರ ಏಸಿ ರೂಮೂ ಕಟ್ಟಲಾಗದು.

ಈ ತೊಂದರೆ ಹೊಸದಲ್ಲ, ಅದಕ್ಕೆ ಕಂಡುಕೊಂಡ ದಾರಿಯೂ ಹೊಸದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿಎಸ್‌ಟಿ, 1970ರ ದಶಕದಲ್ಲೇ ದೇಶದ ಕೆಲವು ಕಡೆ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಶುರು ಮಾಡಿತು. ಆಗ ಅವಕ್ಕೆ ಆರ್‌ಎಸ್‌ಐಸಿ ಎನ್ನುತ್ತಿದ್ದರು. ಹಳೇ ಜರ್ನಲ್‌ಗಳನ್ನು ತಿರುವಿ ನೋಡಿ, ಪೇಪರ್‌ನ ಕೊನೆಗೆ ಲಖನೌ, ಮದ್ರಾಸ್, ಬಾಂಬೆ, ಚಂಡೀಗಢದ ಆರ್‌ಎಸ್‌ಐಸಿಗೆ ಥ್ಯಾಂಕ್ಸ್ ಹೇಳಿರುತ್ತಾರೆ. ಆಮೇಲೆ ಅವೇ ಸೈಫ್ ಆದವು. 2000ದಲ್ಲಿ ಫಿಸ್ಟ್ ಬಂತು, ಅದು ವಿಶ್ವವಿದ್ಯಾಲಯದ ವಿಭಾಗಗಳಿಗೆ ಮತ್ತು ಪಿಜಿ ಕಾಲೇಜುಗಳಿಗೆ ಐದು ವರ್ಷಕ್ಕೆ ಕೊಡುವ ಗ್ರಾಂಟ್. ಚೆನ್ನಾಗಿ ಪೇಪರ್ ಮಾಡುವ ವಿಶ್ವವಿದ್ಯಾಲಯಗಳಿಗೆ ಪರ್ಸ್ ಅನ್ನುವ ಗ್ರಾಂಟ್ ಬಂತು. ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿರಲಿ ಅಂತ ಖರಗ್‌ಪುರ ಮತ್ತು ದೆಹಲಿ ಐಐಟಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಸಾಥಿ ಕೇಂದ್ರಗಳಾದವು. ಹೆಸರುಗಳ ಸಂತೆ ಬಿಡಿ. ನಮ್ಮಂಥವರಿಗೆ ಬೇಕಾದದ್ದು ಸೈಫ್ ಮತ್ತು ಐ-ಸ್ಟೆಮ್, ಎರಡೇ.

ಉತ್ತರ ಕರ್ನಾಟಕದವರ ಅದೃಷ್ಟಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಒಂದು ಸೈಫ್ ಇದೆ. ನನಗೆ ಹತ್ತಿರ ಅನ್ನುವುದೇ ಅದರ ದೊಡ್ಡ ಗುಣ. ಸ್ಯಾಂಪಲ್ ಕೊರಿಯರ್ ಮಾಡಿ ಕೂರುವುದಕ್ಕೂ, ಕೈಯಾರೆ ಒಯ್ದು ಕೊಟ್ಟು ಎರಡು ಮಾತಾಡಿ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಪುಟ್ಟ ಗಾಜಿನ ವಯಲ್‌ಗಳಿಗೆ ಪ್ಯಾರಾಫಿಲ್ಮ್ ಸುತ್ತಿ, ಹಳೇ ಟಿಫಿನ್ ಡಬ್ಬಿಯಲ್ಲಿ ಹತ್ತಿ ಇಟ್ಟು, ಬೆಳಗಿನ ಬಸ್ ಹತ್ತುತ್ತೇನೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಸ್ಯಾಂಪಲ್ ಫೀಸಿನ ಮೇಲೆ ಮಾತ್ರ ಶೇ 18 ಜಿಎಸ್‌ಟಿ. ಒಂದು ಸರ್ಕಾರ ಕೊಡುತ್ತದೆ, ಇನ್ನೊಂದು ತಗೊಳ್ಳುತ್ತದೆ ಅಂತ ಕಂಡಕ್ಟರ್‌ಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ ಅಂತ ಸುಮ್ಮನಿರುತ್ತೇನೆ.

ಐ-ಸ್ಟೆಮ್ ಬೇರೆಯೇ ಥರದ್ದು. ಅದು ಲ್ಯಾಬ್ ಅಲ್ಲ, ದೇಶದ ಲ್ಯಾಬ್‌ಗಳ ಪಟ್ಟಿ ಮತ್ತು ಬುಕ್ಕಿಂಗ್ ಕಿಟಕಿ. 2020ರ ಜನವರಿಯಲ್ಲಿ ಬೆಂಗಳೂರಿನ ಜಿಕೆವಿಕೆಯಲ್ಲಿ ವಿಜ್ಞಾನ ಕಾಂಗ್ರೆಸ್ ನಡೆದಾಗ ಪ್ರಧಾನಿ ಇದನ್ನು ಉದ್ಘಾಟಿಸಿದರು. ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಯೋಜನೆ, ನಡೆಯುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಿಂದ. ಹೆಸರು ನೋಂದಾಯಿಸಿ, ಬೇಕಾದ ಯಂತ್ರದ ಹೆಸರು ಹೊಡೆದರೆ ಯಾವ ಊರಲ್ಲಿ ಯಾವ ಮಾಡೆಲ್ ಇದೆ, ಶಿಕ್ಷಣ ಸಂಸ್ಥೆಯವರಿಗೆ ಎಷ್ಟು ದರ, ಕಂಪನಿಯವರಿಗೆ ಎಷ್ಟು ದರ ಅಂತ ಬರುತ್ತದೆ. ಮುಂಚೆ ಇದೆಲ್ಲಾ ಗೈಡ್‌ಗಳ ಪರಿಚಯದ ಮೇಲೆ ನಡೆಯುತ್ತಿತ್ತು. 'ನಮ್ಮ ಹುಡುಗ ಒಬ್ಬ ಅಲ್ಲಿದ್ದಾನೆ, ಅವನಿಗೆ ಫೋನ್ ಮಾಡ್ತೀನಿ' ಅನ್ನುವ ಕಾಲ. ಆ ಪರಿಚಯ ಇಲ್ಲದವರಿಗೂ ಈಗ ಬಾಗಿಲು ಎಲ್ಲಿದೆ ಅಂತ ಗೊತ್ತಾಗುತ್ತದೆ. ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಲಾಭ ಬಹಳ ಜನಕ್ಕೆ ಗೊತ್ತಿಲ್ಲ. ಕಾಮ್ಸಾಲ್ ಅನ್ನುವ ದುಬಾರಿ ಸಿಮ್ಯುಲೇಶನ್ ಸಾಫ್ಟ್‌ವೇರನ್ನು ಐ-ಸ್ಟೆಮ್ ಮೂಲಕ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಉಚಿತವಾಗಿ ಕೊಟ್ಟಿದ್ದಾರೆ. ನಮ್ಮ ಫಿಸಿಕ್ಸ್ ವಿಭಾಗದವರು ಅದಕ್ಕೇ ಐ-ಸ್ಟೆಮ್ ಸೇರಿದ್ದು.

ಪಟ್ಟಿಯನ್ನು ಪೂರ್ತಿ ನಂಬಬೇಡಿ. ಪಟ್ಟಿಯಲ್ಲಿದ್ದ ಒಂದು ಟಿಜಿಎಗೆ (ಸ್ಯಾಂಪಲ್ ಬಿಸಿ ಮಾಡುತ್ತಾ ಅದರ ತೂಕ ಅಳೆಯುವ ಯಂತ್ರ) ಅಂತ ಒಂದು ಸಂಸ್ಥೆಗೆ ಫೋನ್ ಮಾಡಿದೆ. 'ಮೇಡಂ, ಅದು ಕೆಟ್ಟು ಎರಡು ಮಳೆಗಾಲ ಆಯ್ತು' ಅಂದರು. ಮಾಹಿತಿ ತುಂಬಬೇಕಾದವರು ಆಯಾ ಸಂಸ್ಥೆಯವರು, ಅವರು ತುಂಬದಿದ್ದರೆ ಪೋರ್ಟಲ್ ಏನು ಮಾಡೀತು? ಬುಕ್ ಮಾಡುವ ಮೊದಲು ಒಂದು ಫೋನ್ ಹೊಡೆಯಿರಿ, ಅಷ್ಟೇ. ಪೋರ್ಟಲ್‌ಗೆ ಐದರಲ್ಲಿ ನಾಲ್ಕು ಅಂಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅದು ಯಂತ್ರ ನಡೆಸುವ ಆಪರೇಟರ್‌ಗಳದ್ದು.

ಸ್ಯಾಲಿಸಾಲ್ಡಿಹೈಡ್‌ನಿಂದ ಮಾಡಿದ ಶಿಫ್ ಬೇಸ್‌ನಲ್ಲಿ ಒಂದು ಓಎಚ್, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಇರುತ್ತದೆ. ಅದು ಪಕ್ಕದ ನೈಟ್ರೋಜನ್ ಜೊತೆ ಹೈಡ್ರೋಜನ್ ಬಾಂಡ್ ಮಾಡಿಕೊಂಡಿರುವುದರಿಂದ ಪ್ರೋಟಾನ್ ಎನ್‌ಎಂಆರ್‌ನ ಗ್ರಾಫಿನಲ್ಲಿ (ಅದಕ್ಕೆ ಸ್ಪೆಕ್ಟ್ರಮ್ ಅನ್ನುತ್ತೇವೆ, ಪಿಪಿಎಂ ಅದರ ಅಡ್ಡಗೀಟಿನ ಅಳತೆ) ಅದರ ಪೀಕ್ ದೂರ, 13 ಪಿಪಿಎಂ ಆಸುಪಾಸಿನಲ್ಲಿ ಬರುತ್ತದೆ. ಸತು ಸೇರಿಸಿ ಕಾಂಪ್ಲೆಕ್ಸ್ ಮಾಡಿದ ಮೇಲೆ ಆ ಪೀಕ್ ಮಾಯ ಆಗಬೇಕು. ಲೋಹ ಅಲ್ಲೇ ಕೂತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ನನ್ನ ಒಂದು ಚಾಪ್ಟರ್ ಪೂರ್ತಿ ನಿಂತಿರುವುದು ಈ ಒಂದು ಪೀಕ್ ಮೇಲೆ.

ಹೊರರಾಜ್ಯದ ಒಂದು ಕೇಂದ್ರಕ್ಕೆ ಕಳಿಸಿದ್ದೆ, ಹೆಸರು ಬೇಡ. ವಾರಗಟ್ಟಲೆ ಕಾದ ಮೇಲೆ ಒಂದು ಪಿಡಿಎಫ್ ಬಂತು. ತೆರೆದರೆ ಸ್ಪೆಕ್ಟ್ರಮ್ ಸೊನ್ನೆಯಿಂದ 10ರವರೆಗೆ ಮಾತ್ರ. 13 ಎಲ್ಲಿ? ಕತ್ತರಿಸಿ ಬಿಟ್ಟಿದ್ದಾರೆ. ಫಾರ್ಮ್‌ನಲ್ಲಿ ರಚನೆ ಬರೆದು ಕೊಟ್ಟಿದ್ದೆ, ಆ ಜಾಗವನ್ನೇ ಯಾರೂ ನೋಡಿಲ್ಲ. ಎಫ್‌ಐಡಿ, ಅಂದರೆ ಯಂತ್ರ ದಾಖಲಿಸಿದ ಮೂಲ ಫೈಲ್ ಕೊಟ್ಟಿದ್ದರೆ ನಾನೇ ನನ್ನ ಕಂಪ್ಯೂಟರಿನಲ್ಲಿ ತೆರೆದು 13ರ ತನಕ ನೋಡಿಕೊಳ್ಳುತ್ತಿದ್ದೆ. ಕೇಳಿದೆ. 'ನಾವು ಪಿಡಿಎಫ್ ಮಾತ್ರ ಕೊಡೋದು, ಮತ್ತೆ ಬೇಕಾದರೆ ಫೀಸ್ ಕಟ್ಟಿ' ಅಂತ ಉತ್ತರ. ಈಗ ಎಷ್ಟೋ ಜರ್ನಲ್‌ಗಳು ಮೂಲ ಫೈಲನ್ನೇ ಕೇಳುತ್ತವೆ. ಸರ್ಕಾರದ ದುಡ್ಡಿನ ಯಂತ್ರ, ನನ್ನ ಸ್ಯಾಂಪಲ್, ನಾನು ಕಟ್ಟಿದ ಫೀಸು, ಆದರೆ ಡೇಟಾ ಮಾತ್ರ ಅವರ ಕಂಪ್ಯೂಟರಿನಲ್ಲೇ ಉಳಿಯಬೇಕಂತೆ.

ಅದೇ ಸ್ಯಾಂಪಲ್ ಬೇರೆ ಕಡೆ ಕೊಟ್ಟೆ. ಮಧ್ಯಾಹ್ನ ಫೋನ್ ಬಂತು. 'ಮೇಡಂ, ಇದು ಸ್ಯಾಲಿಸಾಲ್ಡಿಹೈಡ್‌ದು ಅಲ್ವಾ? 16ರ ತನಕ ಇಟ್ಟಿದ್ದೀನಿ, ನಿಮ್ಮ ಓಎಚ್ ಚೆನ್ನಾಗಿ ಬಂದಿದೆ. ಆದ್ರೆ ಸತುವಿಂದು ಪೂರ್ತಿ ಕರಗ್ತಿಲ್ಲ. ಸ್ವಲ್ಪ ಬಿಸಿ ಮಾಡ್ಲಾ, ಇಲ್ಲಾ ಸೋಸಿ ಹಾಕ್ಲಾ?' ಮಾತಾಡಿದವರು ಗುತ್ತಿಗೆಯ ಮೇಲೆ ಇರುವ ಒಬ್ಬ ಟೆಕ್ನಿಕಲ್ ಅಸಿಸ್ಟೆಂಟ್. ಸಂಜೆಗೆ ಪಿಡಿಎಫ್ ಜೊತೆ ಎಫ್‌ಐಡಿ ಫೋಲ್ಡರ್ ಕೂಡ ಮೇಲ್‌ಗೆ ಬಂತು. ಸತುವಿನ ಸ್ಪೆಕ್ಟ್ರಮ್‌ನಲ್ಲಿ 13ರ ಜಾಗ ನೆಟ್ಟಗೆ, ಖಾಲಿ.

ಮುಂದಿನ ಸಲ ಹೋದಾಗ ಅವರ ಬಗ್ಗೆ ವಿಚಾರಿಸಿದೆ. ಕಾಂಟ್ರಾಕ್ಟ್ ಮುಗಿದಿತ್ತು, ಬೆಂಗಳೂರಿನ ಯಾವುದೋ ಔಷಧ ಕಂಪನಿಗೆ ಹೋಗಿದ್ದರು. ಯಂತ್ರ ಅಲ್ಲೇ ಇತ್ತು. ಹೊಸಬರು ಇನ್ನೂ ಬಂದಿರಲಿಲ್ಲ. ಕ್ಯೂ ಬೆಳೆದಿತ್ತು.

ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ತೂತು ಇರುವುದು ಇಲ್ಲೇ. ಗ್ರಾಂಟ್ ಬರುವುದು ಯಂತ್ರ ಕೊಳ್ಳಲು. ಕೊಂಡ ದಿನ ರಿಬ್ಬನ್ ಕತ್ತರಿಸಲು, ಬೋರ್ಡ್ ಹಾಕಲು ಎಲ್ಲರೂ ಇರುತ್ತಾರೆ. ಆಮೇಲಿನ ಖರ್ಚು ನಿರಂತರ. ಎನ್‌ಎಂಆರ್‌ನ ಆಯಸ್ಕಾಂತ ಸದಾ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು, ಅಂದರೆ ಸುಮಾರು ಮೈನಸ್ 269 ಡಿಗ್ರಿ. ಅದರ ಹೊರಗೆ ದ್ರವ ನೈಟ್ರೋಜನ್. ನೈಟ್ರೋಜನ್ ಆಗಾಗ ಹುಯ್ಯುತ್ತಲೇ ಇರಬೇಕು, ಹೀಲಿಯಂ ಕೆಲವು ತಿಂಗಳಿಗೊಮ್ಮೆ. ಸ್ಯಾಂಪಲ್ ಬರಲಿ ಬಿಡಲಿ, ರಜೆ ಇರಲಿ ಸ್ಟ್ರೈಕ್ ಇರಲಿ, ಹುಯ್ಯಲೇಬೇಕು. ಮನೆಯಲ್ಲಿ ಕರೆಯುವ ಹಸು ಇದ್ದ ಹಾಗೆ, ಯಾರೂ ಊರಿಗೆ ಹೋಗುವಂತಿಲ್ಲ. ಹೀಲಿಯಂ ನಮ್ಮ ದೇಶಕ್ಕೆ ಹೊರಗಿನಿಂದ ಬರಬೇಕು, ಬೆಲೆ ನಮ್ಮ ಕೈಯಲ್ಲಿಲ್ಲ. ತಪ್ಪಿದರೆ ಆಯಸ್ಕಾಂತ ಒಮ್ಮೆಲೇ ಬಿಸಿಯಾಗಿ ಉಳಿದ ಹೀಲಿಯಂ ಎಲ್ಲಾ ಆವಿಯಾಗಿ ಹೋಗುತ್ತದೆ. ಮತ್ತೆ ತಣಿಸಿ ಎಬ್ಬಿಸುವುದು ಲಕ್ಷಗಳ ಮಾತು.

ಮೇಲೆ ತೆರಿಗೆ. 2022ರ ಜುಲೈವರೆಗೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. ಅದನ್ನು ತೆಗೆದುಬಿಟ್ಟರು, ಹೆಚ್ಚಿನವು ಶೇ 18ಕ್ಕೆ ಏರಿದವು. ಒಂದು ಕೋಟಿಯ ಯಂತ್ರಕ್ಕೆ 5 ಲಕ್ಷ ಇದ್ದದ್ದು 18 ಲಕ್ಷ. ಸರ್ಕಾರ ಕೊಟ್ಟ ಗ್ರಾಂಟಿನಿಂದ ಸರ್ಕಾರಕ್ಕೇ ವಾಪಸ್. ಆ 13 ಲಕ್ಷ ಉಳಿದಿದ್ದರೆ ಒಬ್ಬ ಒಳ್ಳೆ ಆಪರೇಟರ್‌ಗೆ ಎಷ್ಟು ವರ್ಷ ಸಂಬಳ ಕೊಡಬಹುದಿತ್ತು, ಲೆಕ್ಕ ಹಾಕಿ.

ದೆಹಲಿಯಲ್ಲಿ ಕೂತವರಿಗೆ ಇದು ಗೊತ್ತಿಲ್ಲ ಅಂತಲ್ಲ. 2022ರಲ್ಲಿ ಡಿಎಸ್‌ಟಿ ಶ್ರೀಮಾನ್ ಅನ್ನುವ ಹೆಸರಿನಲ್ಲಿ ಮಾರ್ಗಸೂಚಿ ತಂದಿತು. ಸರ್ಕಾರಿ ದುಡ್ಡಿನಲ್ಲಿ ಕೊಂಡ ಯಂತ್ರ ಹೊರಗಿನವರಿಗೂ ಸಿಗಬೇಕು, ಅದರ ನಿರ್ವಹಣೆಗೆ ವ್ಯವಸ್ಥೆ ಇರಬೇಕು ಅನ್ನುವುದು ಅದರ ತಿರುಳು. ಸ್ತುತಿ ಅನ್ನುವ ಹೆಸರಿನಲ್ಲಿ ಯಂತ್ರ ಬಳಸುವ ತರಬೇತಿಗಳೂ ನಡೆದವು. ಕಾಗದದ ಮೇಲೆ ಚೆನ್ನಾಗಿದೆ. ಆದರೂ 'ಡಿಎಸ್‌ಟಿ-ಫಿಸ್ಟ್ ನೆರವಿನ ಪ್ರಯೋಗಾಲಯ' ಅಂತ ಬೋರ್ಡ್ ಇರುವ, ಬೀಗ ಹಾಕಿದ ಬಾಗಿಲು ನಾನು ನೋಡಿದ್ದೇನೆ. ಬೀಗದ ಕೈ ಒಬ್ಬ ಪ್ರೊಫೆಸರ್ ಹತ್ತಿರ, ಪ್ರೊಫೆಸರ್ ಫಾರಿನ್‌ನಲ್ಲಿ. ಯಂತ್ರಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಕವರ್ ಕಿಟಕಿಯಿಂದ ಕಾಣುತ್ತಿತ್ತು.

ಇದಕ್ಕೆ ವಿರುದ್ಧ ಉದಾಹರಣೆ ಐಐಎಸ್‌ಸಿಯ ನ್ಯಾನೋ ವಿಜ್ಞಾನದ ಸೆನ್ಸ್ ವಿಭಾಗದ ಐನಪ್ ಯೋಜನೆ, ಹೊರಗಿನವರು ಅಲ್ಲಿನ ನ್ಯಾನೋ ಎಲೆಕ್ಟ್ರಾನಿಕ್ಸ್ ಲ್ಯಾಬ್ ಬಳಸಲಿ ಅಂತ ಇರುವುದು. 2008ರಿಂದ ನಡೆಯುತ್ತಿದೆ, ಜೊತೆಗೆ ಬಾಂಬೆ ಐಐಟಿಯಲ್ಲೂ ಇದೆ. ದುಡ್ಡು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ್ದು. ಹೊರಗಿನ ಕಾಲೇಜಿನವರು ಮೊದಲು ಪರಿಚಯ ಕಾರ್ಯಾಗಾರಕ್ಕೆ ಹೋಗುತ್ತಾರೆ, ಆಮೇಲೆ ಕೈಯಾರೆ ಮಾಡುವ ತರಬೇತಿ, ಆಮೇಲೆ ಒಳ್ಳೆ ಪ್ರಸ್ತಾವ ಬರೆದರೆ ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ತಮ್ಮದೇ ಡಿವೈಸ್ ಮಾಡಿಕೊಳ್ಳಬಹುದು. ನಮ್ಮ ಕಾಲೇಜಿನ ಫಿಸಿಕ್ಸ್ ಸಹೋದ್ಯೋಗಿ ಹೋಗಿ ಬಂದು ವಾರವಿಡೀ ಅದನ್ನೇ ಮಾತಾಡಿದ. ಮೈತುಂಬ ಬಿಳಿ ಸೂಟ್ ಹಾಕಿಸಿ ಏರ್ ಶವರ್‌ನಲ್ಲಿ ನಿಲ್ಲಿಸಿದ್ದಕ್ಕಿಂತ, ಪಕ್ಕದಲ್ಲಿ ನಿಂತು ಪ್ರತಿ ಹಂತ ತೋರಿಸಿದ ಎಂಜಿನಿಯರ್‌ಗಳ ಬಗ್ಗೆಯೇ ಜಾಸ್ತಿ ಹೇಳಿದ. ಇಲ್ಲಿ ಯಂತ್ರದ ಜೊತೆ ಮನುಷ್ಯರನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಕೆಮಿಸ್ಟ್ರಿಯವರಿಗೂ ಇಂಥದ್ದೊಂದು ಇದ್ದಿದ್ದರೆ ಅಂತ ಹೊಟ್ಟೆಕಿಚ್ಚು ಪಟ್ಟೆ.

ದರದ ಬಗ್ಗೆ ದೂರಿಲ್ಲ. ಸೈಫ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಪ್ರೋಟಾನ್ ಎನ್‌ಎಂಆರ್ ನೂರುಗಳ ಲೆಕ್ಕದಲ್ಲಿ ಆಗುತ್ತದೆ, ಖಾಸಗಿ ಲ್ಯಾಬ್‌ಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ತಾಮ್ರದ ಇಪಿಆರ್‌ಗೆ ಬಾಂಬೆ ಐಐಟಿಯ ಸೈಫ್ ಇದೆ. ಸ್ಯಾಂಪಲ್ ಕಳಿಸುವಾಗ ಎಚ್‌ಒಡಿ ಸಹಿ ಮಾಡಿದ ಪತ್ರ, ರಚನೆ, ಯಾವುದರಲ್ಲಿ ಕರಗುತ್ತದೆ, ವಿಷವೋ ಅಲ್ಲವೋ, ಎಷ್ಟು ಪಿಪಿಎಂ ತನಕ ಬೇಕು, ಮೂಲ ಫೈಲ್ ಬೇಕು, ಎಲ್ಲಾ ಕೆಂಪು ಪೆನ್ನಿನಲ್ಲಿ ಬರೆಯಿರಿ. ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆಯಿರಿ. ಫೋನ್ ಮಾಡುವ ಆಪರೇಟರ್ ಸಿಕ್ಕರೆ ಅವರ ಹೆಸರನ್ನು ಪೇಪರ್‌ನ ಥ್ಯಾಂಕ್ಸ್ ಸಾಲಿನಲ್ಲಿ ಹಾಕಿ, ಬರೀ ಕೇಂದ್ರದ ಹೆಸರು ಹಾಕಿ ಸುಮ್ಮನಾಗಬೇಡಿ. ಕಾಂಟ್ರಾಕ್ಟ್ ಮುಂದುವರಿಸುವಾಗ ಅದನ್ನು ತೋರಿಸಿಕೊಳ್ಳಬಹುದು ಅಂತ ಒಬ್ಬರು ನನಗೆ ಹೇಳಿದರು.

ಮೊನ್ನೆ ನಮ್ಮ ಸ್ಟಾಫ್ ರೂಮಿನಲ್ಲೂ ಫಿಸ್ಟ್‌ಗೆ ಅರ್ಜಿ ಹಾಕುವ ಮಾತು ಬಂತು, ನಮ್ಮಲ್ಲೂ ಎಂ.ಎಸ್ಸಿ. ಇದೆಯಲ್ಲ. ಪ್ರಿನ್ಸಿಪಾಲರಿಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಆಸೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲು ಅದಕ್ಕಿಂತ ಚೆಂದದ್ದು ಇನ್ನೇನಿದೆ? ನಾನು ಬೇಡ ಅಂದೆ. ಹುಡುಗರು ದಿನಾ ಮುಟ್ಟಿ ಕಲಿಯುವ ಎಫ್‌ಟಿಐಆರ್, ಅಂದರೆ ಐಆರ್ ಯಂತ್ರ, ಒಂದನ್ನು ಕೇಳೋಣ, ಓವನ್ ಬದಲಿಸೋಣ, ಉಳಿದದ್ದಕ್ಕೆ ಧಾರವಾಡ ಇದೆ ಅಂದೆ. 'ಎಫ್‌ಟಿಐಆರ್ ಫೋಟೋದಲ್ಲಿ ಏನೂ ಕಾಣಲ್ಲ ಮೇಡಂ, ಪ್ರಿಂಟರ್ ಥರ ಇರುತ್ತೆ' ಅಂದರು ಸಾಹೇಬರು. ಅರ್ಜಿಯ ಕರಡು ಇನ್ನೂ ನನ್ನ ಹತ್ತಿರವೇ ಇದೆ, ಅದರಲ್ಲಿ ಎಫ್‌ಟಿಐಆರ್ ಅಂತಲೇ ಬರೆದಿದ್ದೇನೆ.