ಪ್ರೋಸೈ ಆಡ್‌ಕಾರ್ ಕೋರ್ಸ್: ಬದಲಾವಣೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುವ ವಿದ್ಯೆ

ಹೊಸ ಸಾಫ್ಟ್‌ವೇರ್ ಬಂತು, ತರಬೇತಿಯೂ ಮುಗಿಯಿತು, ಆದರೆ ಜನ ಹಳೆಯ ರಿಜಿಸ್ಟರ್ ಬಿಡುತ್ತಿಲ್ಲ. ಆಗ ಹೆಚ್ಚಿನ ಸಂಸ್ಥೆಗಳು ಮಾಡುವುದು ಒಂದೇ ಕೆಲಸ: ಮತ್ತೊಂದು ಸುತ್ತು ತರಬೇತಿ. ಬದಲಾವಣೆ ನಿರ್ವಹಣೆ ಕಲಿಸುವ ಪ್ರೋಸೈ ಸಂಸ್ಥೆಯ ಮೂರು ದಿನದ ಕೋರ್ಸ್‌ನ ದೊಡ್ಡ ಉಪಯೋಗವೆಂದರೆ ಈ ಅಭ್ಯಾಸವನ್ನು ಬಿಡಿಸುವುದು.

ಕೋರ್ಸ್‌ನ ಜೀವಾಳ ಜೆಫ್ ಹಯಾಟ್ ರೂಪಿಸಿದ ಆಡ್‌ಕಾರ್ ಮಾದರಿ. ಅದರಲ್ಲಿ ಐದು ಹಂತ: ಬದಲಾವಣೆ ಏಕೆ ಬೇಕೆಂಬ ಅರಿವು, ಅದರಲ್ಲಿ ಪಾಲ್ಗೊಳ್ಳುವ ಮನಸ್ಸು, ಹೇಗೆ ಮಾಡಬೇಕೆಂಬ ತಿಳಿವಳಿಕೆ, ಮಾಡಿ ತೋರಿಸುವ ಸಾಮರ್ಥ್ಯ, ಕೊನೆಗೆ ಅದನ್ನು ಉಳಿಸಿಕೊಳ್ಳುವ ಬಲವರ್ಧನೆ. ಪ್ರತಿ ಹಂತಕ್ಕೂ 1ರಿಂದ 5ರವರೆಗೆ ಅಂಕ. ಎಡದಿಂದ ಓದುತ್ತಾ ಹೋದಾಗ 3 ಅಥವಾ ಅದಕ್ಕಿಂತ ಕಡಿಮೆ ಅಂಕ ಮೊದಲು ಎಲ್ಲಿ ಸಿಗುತ್ತದೋ ಅದೇ ತಡೆ. ಖರೀದಿ ವಿಭಾಗದ ಅಂಕ 4, 2, 3, 1, 1 ಎಂದಿಟ್ಟುಕೊಳ್ಳಿ. ಕಣ್ಣಿಗೆ ಮೊದಲು ಬೀಳುವುದು ಸಾಮರ್ಥ್ಯದ 1, ಆದರೆ ತಡೆ ಇರುವುದು ಮನಸ್ಸಿನ 2ರಲ್ಲಿ. ಅಲ್ಲಿ ತರಬೇತಿಗೆ ಎಷ್ಟು ಸುರಿದರೂ ವ್ಯರ್ಥ.

ಇಷ್ಟು ಸರಳವಾದ ಉಪಕರಣವನ್ನೂ ಕೆಡಿಸುವ ದಾರಿಗಳಿವೆ, ಕೋರ್ಸ್ ಅವುಗಳ ಮೇಲೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಮೊದಲನೆಯದು ಸರಾಸರಿ. ಅರ್ಧ ಜನ 5, ಅರ್ಧ ಜನ 1 ಕೊಟ್ಟರೆ ಸರಾಸರಿ 3 ಬರುತ್ತದೆ, ಆದರೆ 3 ಕೊಟ್ಟವರು ಒಬ್ಬರೂ ಇಲ್ಲ. ಆದ್ದರಿಂದ ಇಡೀ ಸಂಸ್ಥೆಗೆ ಒಂದೇ ಅಂಕಪಟ್ಟಿ ಬೇಡ. ಖರೀದಿ, ಉಗ್ರಾಣ, ಲೆಕ್ಕಪತ್ರ ಎಂದು ಬದಲಾವಣೆಯ ಪೆಟ್ಟು ಬೀಳುವ ಗುಂಪುಗಳನ್ನು ಬೇರೆ ಮಾಡಿ, ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆಂದು ನೋಡಬೇಕು. ಎರಡನೆಯದು, ಯೋಜನಾ ತಂಡವೇ ನೌಕರರ ಪರವಾಗಿ ಅಂಕ ತುಂಬುವುದು. ಅದು ಊಹೆ, ಅಳತೆಯಲ್ಲ. ಹಾಗೆಂದು ಹೆಸರು ಬರೆಸಿಕೊಂಡು ಕೇಳಿದರೆ ಎಲ್ಲರೂ 4 ಹಾಕಿ ಕೈತೊಳೆದುಕೊಳ್ಳುತ್ತಾರೆ. ಹೆಸರಿಲ್ಲದ ಚೀಟಿಯೇ ಸರಿ.

ಮನಸ್ಸಿನ ಹಂತದ ಪಾಠ ಚೆನ್ನಾಗಿದೆ. ಸಂಸ್ಥೆ ಏಕೆ ಬದಲಾಗಬೇಕೆಂಬುದನ್ನು ಮೇಲಿನ ನಾಯಕರು ಹೇಳಬೇಕು, 'ನನ್ನ ಕೆಲಸಕ್ಕೆ ಏನಾಗುತ್ತದೆ' ಎಂಬುದಕ್ಕೆ ನೇರ ಮೇಲ್ವಿಚಾರಕರೇ ಉತ್ತರಿಸಬೇಕು. ಈ ಎರಡನ್ನೂ ಯೋಜನಾ ತಂಡದ ಇಮೇಲ್‌ಗೆ ಹೊರಿಸಿದರೆ ಯಾರೂ ನಂಬುವುದಿಲ್ಲ. ಹಿಂಜರಿಕೆಯ ಹಿಂದೆ ಬಹುಪಾಲು ತಕ್ಕ ಕಾರಣವೇ ಇರುತ್ತದೆ: ವರ್ಷಗಟ್ಟಲೆ ಗಳಿಸಿದ ಕೌಶಲ ಬೆಲೆ ಕಳೆದುಕೊಳ್ಳುವ ಭಯ, ಕೆಲಸ ಹೆಚ್ಚಾಗುವ ಲೆಕ್ಕ, ಹಿಂದೊಮ್ಮೆ ಆರಂಭಿಸಿ ಅರ್ಧಕ್ಕೆ ಕೈಬಿಟ್ಟ ಯೋಜನೆಯ ನೆನಪು. ಯಾವುದೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಮೇಲ್ವಿಚಾರಕರಿಗೇ ಬದಲಾವಣೆ ಒಪ್ಪಿಗೆಯಾಗಿಲ್ಲದಿದ್ದರೆ ಅವರ ತಂಡಕ್ಕೆ ಒಪ್ಪಿಸುವುದು ಆಗದ ಮಾತು, ಹಾಗಾಗಿ ಮೊದಲ ಅಂಕಪಟ್ಟಿ ಅವರದ್ದೇ ಆಗಬೇಕು.

ಸ್ಪಾನ್ಸರ್, ಅಂದರೆ ಬದಲಾವಣೆಯ ಹೊಣೆ ಹೊತ್ತ ಹಿರಿಯ ಅಧಿಕಾರಿಯ ಪಾತ್ರದ ಬಗ್ಗೆಯೂ ಕೋರ್ಸ್ ಖಡಾಖಂಡಿತವಾಗಿದೆ. ಉದ್ಘಾಟನೆಯಲ್ಲಿ ಭಾಷಣ ಮಾಡಿ ಮಾಯವಾಗುವವರು ಸ್ಪಾನ್ಸರ್ ಅಲ್ಲ. ಕೊನೆಯವರೆಗೂ ಕಣ್ಣಿಗೆ ಕಾಣುವಂತೆ ಪಾಲ್ಗೊಳ್ಳಬೇಕು, ಇತರ ವಿಭಾಗದ ಮುಖ್ಯಸ್ಥರನ್ನು ಜೊತೆಗೆ ಕಟ್ಟಿಕೊಳ್ಳಬೇಕು, ನೌಕರರೊಂದಿಗೆ ನೇರವಾಗಿ ಮಾತಾಡಬೇಕು. ತೊಂದರೆಯೆಂದರೆ, ತರಗತಿಗೆ ಬರುವವರು ಯೋಜನಾ ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗದವರು. ಈ ಪಾಠ ಬೇಕಾದವರು ಆ ಕೋಣೆಯಲ್ಲಿ ಇರುವುದೇ ಅಪರೂಪ. ಮರಳಿದ ವಾರದಲ್ಲೇ ಸ್ಪಾನ್ಸರ್ ಜೊತೆ ಕುಳಿತು, ಅವರು ಯಾವ ದಿನ ಯಾವ ಗುಂಪನ್ನು ಭೇಟಿಯಾಗುತ್ತಾರೆಂದು ಕ್ಯಾಲೆಂಡರ್‌ನಲ್ಲಿ ಬರೆಸಿಕೊಳ್ಳದಿದ್ದರೆ ಕಲಿತದ್ದು ಕಡತದಲ್ಲೇ ಉಳಿಯುತ್ತದೆ.

ಬಲವರ್ಧನೆಯ ಭಾಗ ತೆಳು. ಹೊಸ ವ್ಯವಸ್ಥೆ ಚಾಲನೆಯಾದ ದಿನವೇ ಯೋಜನಾ ತಂಡ ಚದುರಿಹೋಗುವುದರಿಂದ ಜನ ಹಳೆಯ ದಾರಿಗೆ ಹೊರಳುವುದು ಆಗಲೇ. ಹಳೆಯ ಫಾರ್ಮ್ ಯಾವ ದಿನಾಂಕದಿಂದ ಸ್ವೀಕರಿಸುವುದಿಲ್ಲ, ಆ ಆದೇಶಕ್ಕೆ ಸಹಿ ಯಾರದು, ಆಮೇಲೆ ಅಳತೆ ಯಾರ ಹೊಣೆ, ಇವು ಚಾಲನೆಗೆ ಮೊದಲೇ ತೀರ್ಮಾನವಾಗಬೇಕು. ಏನನ್ನು ಅಳೆಯಬೇಕೆಂಬುದಕ್ಕೆ ಕೋರ್ಸ್ ಕೊಡುವ ಮೂರು ಪ್ರಶ್ನೆ ಗಟ್ಟಿಯಾಗಿವೆ: ಎಷ್ಟು ಬೇಗ ಅಳವಡಿಸಿಕೊಂಡರು, ಒಟ್ಟು ಎಷ್ಟು ಜನ ಬಳಸುತ್ತಿದ್ದಾರೆ, ಬಳಸುವವರು ಎಷ್ಟು ಚೆನ್ನಾಗಿ ಬಳಸುತ್ತಿದ್ದಾರೆ. ಲಾಗಿನ್ ಸಂಖ್ಯೆ ಎರಡನೆಯ ಪ್ರಶ್ನೆಗೇ ಅರೆಬರೆ ಉತ್ತರ, ಮೂರನೆಯದಕ್ಕಂತೂ ಉತ್ತರವೇ ಅಲ್ಲ.

ಬದಲಾವಣೆ ನಿರ್ವಹಣೆಯ ಇನ್ನೊಂದು ಹೆಸರಾಂತ ಮಾದರಿಯಾದ ಜಾನ್ ಕಾಟರ್ ಅವರ ಎಂಟು ಹಂತಗಳು ಇಡೀ ಸಂಸ್ಥೆಯನ್ನು ಮೇಲಿನಿಂದ ನೋಡುತ್ತವೆ. ಆಡ್‌ಕಾರ್ ಒಬ್ಬೊಬ್ಬ ನೌಕರನ ಮಟ್ಟಕ್ಕೆ ಇಳಿಯುತ್ತದೆ, ಹಾಗಾಗಿ ದಿನನಿತ್ಯದ ಕೆಲಸಕ್ಕೆ ಇದೇ ಹತ್ತಿರ. ಆದರೆ ಕೈಗೆತ್ತಿಕೊಂಡ ಬದಲಾವಣೆಯೇ ತಪ್ಪಾಗಿದ್ದರೆ ಈ ಅಂಕಪಟ್ಟಿ ಅದನ್ನು ಹೇಳುವುದಿಲ್ಲ. ನೌಕರರ ಆಕ್ಷೇಪವನ್ನೆಲ್ಲ ಮನಸ್ಸಿನ ಕೊರತೆ ಎಂದು ಬರೆದುಕೊಂಡರೆ, 'ಈ ಸಾಫ್ಟ್‌ವೇರ್‌ನಲ್ಲಿ ಭಾಗಶಃ ಸರಬರಾಜು ದಾಖಲಿಸಲು ಆಗುವುದಿಲ್ಲ' ಎಂಬ ಉಗ್ರಾಣದವರ ನಿಜವಾದ ಎಚ್ಚರಿಕೆಯೂ ಅದೇ ಬುಟ್ಟಿಗೆ ಬೀಳುತ್ತದೆ. ಆಕ್ಷೇಪಗಳನ್ನು ಎರಡು ಪಟ್ಟಿ ಮಾಡಿ: ಭಯದಿಂದ ಬಂದದ್ದು ಮೇಲ್ವಿಚಾರಕರಿಗೆ, ವಿನ್ಯಾಸದ ದೋಷ ಹೇಳುವುದು ತಾಂತ್ರಿಕ ತಂಡಕ್ಕೆ.

ಹತ್ತು ಹನ್ನೆರಡು ಜನರ ತಂಡಕ್ಕೆ ಈ ಕೋರ್ಸ್ ಅಗತ್ಯವಿಲ್ಲ, ಐದು ಪ್ರಶ್ನೆ ಬರೆದ ಒಂದು ಹಾಳೆ ಸಾಕು. ಹಲವು ವಿಭಾಗಗಳನ್ನು ತಟ್ಟುವ ಯೋಜನೆ ಕೈಯಲ್ಲಿದ್ದರೆ ಖಂಡಿತ ಹೋಗಿ. ಅಭ್ಯಾಸವೆಲ್ಲ ನೀವು ತರುವ ಯೋಜನೆಯ ಮೇಲೆಯೇ ನಡೆಯುವುದರಿಂದ, ಚಾಲನೆಗೆ ಇನ್ನೂ ಕೆಲವು ತಿಂಗಳು ಬಾಕಿ ಇರುವ ಯೋಜನೆಯನ್ನೇ ಒಯ್ಯಿರಿ. ಚಾಲನೆಯ ಹಿಂದಿನ ವಾರ ಹೋದವರಿಗೆ ಅರಿವು, ಮನಸ್ಸಿನ ಹಂತಗಳಲ್ಲಿ ಮಾಡಲು ಸಮಯವೇ ಉಳಿದಿರುವುದಿಲ್ಲ.