ಬೇಕಲ ಕೋಟೆ: ತಂಡವಾಗಿ ಹೋಗುವವರಿಗೆ

ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ಎಲ್ಲ ಬಸ್ಸುಗಳೂ ಬೇಕಲಕ್ಕೆ ಹೋಗುವುದಿಲ್ಲ. ಚೆರ್ಕಳ, ಚಟ್ಟಂಚಾಲಿನ ಮೂಲಕ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವ ಬಸ್ಸು ಹತ್ತಿದರೆ ಕೋಟೆ ಸಿಗದು. ‘ಚಂದ್ರಗಿರಿ ಮಾರ್ಗವೇ?’ ಎಂದು ಕೇಳಿಯೇ ಹತ್ತಿ. ರೈಲಾದರೆ ಬೇಕಲ್ ಫೋರ್ಟ್ ನಿಲ್ದಾಣದಲ್ಲಿ ಹೆಚ್ಚಾಗಿ ಪ್ಯಾಸೆಂಜರ್ ಗಾಡಿಗಳೇ ನಿಲ್ಲುತ್ತವೆ.

ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆ. ಒಳಗೆ ನೆರಳು ತೀರಾ ಕಡಿಮೆ. ಹಿರಿಯರು, ಮಕ್ಕಳಿದ್ದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ತಲೆಗೊಂದು ಲೀಟರ್ ನೀರು ಇಟ್ಟುಕೊಳ್ಳಿ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಮೊಣಕಾಲು ನೋವಿನವರೂ ನಿಧಾನಕ್ಕೆ ಏರಬಹುದು, ಏರಲೇಬೇಕು: ಅಲ್ಲಿಂದ ಪಳ್ಳಿಕ್ಕರೆಯ ಕಡಲತೀರವೆಲ್ಲ ಕಾಣುತ್ತದೆ. ಕಡಲಿಗೆ ಚಾಚಿದ ಕೊತ್ತಳ ಇನ್ನೂ ಚೆಂದ, ಆದರೆ ಮಳೆಗಾಲದಲ್ಲಿ ಮುರಕಲ್ಲಿನ ಸಣ್ಣ ಗುಳಿಗಳಲ್ಲಿ ಪಾಚಿ ಕಟ್ಟಿ ವಿಪರೀತ ಜಾರುತ್ತದೆ. ಸವೆದ ಹವಾಯಿ ಚಪ್ಪಲಿ ಬೇಡವೇ ಬೇಡ.

ಸೂರ್ಯಾಸ್ತಕ್ಕೆಂದು ಬರುವವರಿಗೆ ನಿರಾಸೆ ಖಚಿತ, ಅಷ್ಟರೊಳಗೆ ಕೋಟೆ ಮುಚ್ಚುತ್ತದೆ. ಅದಕ್ಕೆ ಪಕ್ಕದ ಕಡಲತೀರವೇ ಸರಿ, ಟಿಕೆಟ್ ಬೇರೆ. ಎರಡೂ ಬೇಕಿದ್ದರೆ ಮೂರು ಗಂಟೆಗೆ ಕೋಟೆಯೊಳಗಿರಿ. ಬಾಗಿಲ ಬಳಿಯ ಆಂಜನೇಯ ಗುಡಿಯನ್ನು ಅವಸರದಲ್ಲಿ ದಾಟಿಬಿಡಬೇಡಿ.