ಪೆಟ್ಟಿಗೆ ಮೇಲೆ ಕ್ರೌಲಿ, ಒಳಗೆ ಫ್ರೀಡಾ ಹ್ಯಾರಿಸ್: ಥೋತ್ ಟ್ಯಾರೋ ಜೊತೆ ಎಂಟು ತಿಂಗಳು

ಥೋತ್ ಟ್ಯಾರೋ ಅನ್ನುವ ಈ ಡೆಕ್, ಅಂದರೆ ಚಿತ್ರದ ಎಲೆಗಳ ಕಟ್ಟು, ಮನೆಗೆ ಬಂದ ದಿನ ನಮ್ಮ ಅತ್ತಿಗೆ ಪೆಟ್ಟಿಗೆ ಮೇಲಿದ್ದ ಕ್ರೌಲಿಯ ಹೆಸರನ್ನು ಫೋನಿನಲ್ಲಿ ಹುಡುಕಿದರು. ಎರಡು ನಿಮಿಷ ಓದಿ ಫೋನನ್ನು ನನ್ನ ಮುಂದೆ ಹಿಡಿದರು. "ಇಂಥೋನ ಎಲಿ ನಮ್ಮ ಮನಿಯಾಗ ಯಾಕ ಬೇಕವ್ವ? ದೇವರ ಮನಿ ಹತ್ರ ಅಂತೂ ಇಡಬ್ಯಾಡ."

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅದೇ ಪ್ರಶ್ನೆ ಇಟ್ಟುಕೊಂಡು ನಾನೂ ಎರಡು ವರ್ಷ ಇದನ್ನು ಕೊಳ್ಳದೆ ಬಿಟ್ಟಿದ್ದೆ.

ನಾನು ಬಳ್ಳಾರಿ ಕೌಲ್ ಬಜಾರಿನವಳು. ಜೀನ್ಸ್ ಪ್ಯಾಂಟಿನ ಸೊಂಟಕ್ಕೆ ಹಿಂದೆ ಹಚ್ಚುತ್ತಾರಲ್ಲ, ಆ ಲೇಬಲ್ ಮತ್ತು ಪ್ಯಾಚ್ ಡಿಸೈನ್ ಮಾಡುವುದು ನನ್ನ ಕೆಲಸ. ಟ್ಯಾರೋ ಅಂದರೆ ಎಲೆ ಎಳೆದು, ಅದರ ಚಿತ್ರ ನೋಡಿ ಅರ್ಥ ಹೇಳುವುದು. ಅದನ್ನು ಹಿಡಿದು ಆರು ವರ್ಷ ಆಯಿತು. ದುಡ್ಡು ತಗೊಳ್ಳಲ್ಲ. ಮುಂದೆ ಹೀಗೇ ಆಗುತ್ತೆ ಅಂತ ಯಾರಿಗೂ ಹೇಳಲ್ಲ. ಎದುರಿಗೆ ಕೂತವರು ಚಿತ್ರ ನೋಡಿ ಬಾಯಿ ಬಿಡುತ್ತಾರೆ, ಒಳಗಿದ್ದದ್ದು ಮಾತಾಗಿ ಹೊರಗೆ ಬರುತ್ತದೆ. ನನಗೆ ಅಷ್ಟು ಸಾಕು. ಇಷ್ಟು ದಿನ ಬಳಸಿದ್ದು ರೈಡರ್ ವೇಟ್ ಅನ್ನುವ ಡೆಕ್. 1909ರಲ್ಲಿ ಪಮೇಲಾ ಕೋಲ್‌ಮನ್ ಸ್ಮಿತ್ ಬರೆದ ಚಿತ್ರಗಳು. ಹೊಸಬರಿಗೆ ಈಗಲೂ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಮೊದಲು ಆ ಮನುಷ್ಯನ ಮಾತು ಮುಗಿಸುತ್ತೇನೆ. ಅಲಿಸ್ಟರ್ ಕ್ರೌಲಿ ಹುಟ್ಟಿದ್ದು 1875ರಲ್ಲಿ, ಇಂಗ್ಲೆಂಡಿನಲ್ಲಿ. ಮಂತ್ರ, ಮಾಂತ್ರಿಕ ಅಂತ ಹೆಸರಾದವನು. ಅಲ್ಲಿನ ಪತ್ರಿಕೆಯೊಂದು ಅವನನ್ನು ಲೋಕದಲ್ಲೇ ಅತಿ ಕೆಟ್ಟ ಮನುಷ್ಯ ಅಂತ ಬರೆಯಿತು. ಸಿಸಿಲಿಯಲ್ಲಿ ಶಿಷ್ಯರನ್ನು ಕೂಡಿಸಿಕೊಂಡು ಇದ್ದ, 1923ರಲ್ಲಿ ಇಟಲಿ ಸರ್ಕಾರ ಅಲ್ಲಿಂದ ಹೊರಗೆ ಹಾಕಿತು. ಮಾಟ, ಸೈತಾನ ಅಂತ ಜನ ಹೇಳುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಪೇಪರಿನವರು ಅದಕ್ಕೆ ಉಪ್ಪು ಖಾರ ಜಾಸ್ತಿಯೇ ಹಾಕಿದ್ದಾರೆ. ಆದರೆ ಬೇರೆ ಜನಾಂಗದವರ ಬಗ್ಗೆ, ಹೆಂಗಸರ ಬಗ್ಗೆ ಅವನು ಸ್ವಂತ ಕೈಯಿಂದ ಬರೆದದ್ದನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಯಾವ ಪೇಪರಿನವರೂ ಕಾರಣ ಅಲ್ಲ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕಾಂಚನಜುಂಗಾ ಬೆಟ್ಟದ ವಿಷಯ. 1905ರಲ್ಲಿ ಆ ಬೆಟ್ಟ ಹತ್ತಲು ಹೊರಟ ತಂಡಕ್ಕೆ ಇವನೇ ನಾಯಕ. ಹಿಮ ಕುಸಿದು ನಾಲ್ಕು ಜನ ಸತ್ತರು. ಒಬ್ಬ ಅಲೆಕ್ಸಿಸ್ ಪಾಶ್, ಉಳಿದ ಮೂವರು ಹೊರೆ ಹೊತ್ತ ಕೂಲಿಯವರು. ಕೂಗು ಕೇಳಿದರೂ ಕ್ರೌಲಿ ಗುಡಾರ ಬಿಟ್ಟು ಕೆಳಗೆ ಇಳಿಯಲಿಲ್ಲ. ಆಮೇಲೆ ಪತ್ರಿಕೆಗೆ ಬರೆದು ತನ್ನದೇ ಸರಿ ಅಂತ ಸಾಧಿಸಿದ. ನಮ್ಮಪ್ಪ ಸಂಡೂರು ಕಡೆ ಮೈನ್ಸಿನಲ್ಲಿ ದಿನಗೂಲಿ ಮಾಡಿದವರು. ಆ ಮೂವರು ಕೂಲಿಯವರ ಸುದ್ದಿ ಓದಿದ ರಾತ್ರಿ, ಕೊಳ್ಳಲು ಆನ್‌ಲೈನ್ ಕಾರ್ಟಿನಲ್ಲಿ ಹಾಕಿಟ್ಟಿದ್ದ ಡೆಕ್ಕನ್ನು ತೆಗೆದುಬಿಟ್ಟಿದ್ದೆ.

ಹಾಗಿದ್ದ ಮೇಲೆ ಯಾಕೆ ತಗೊಂಡೆ? ಡೆಕ್ಕಿನ ಯೋಚನೆ ಕ್ರೌಲಿಯದು, ಆದರೆ ಚಿತ್ರ ಬರೆದ ಕೈ ಅವನದಲ್ಲ.

ಇಡೀ ಡೆಕ್ ಬರೆದವರು ಲೇಡಿ ಫ್ರೀಡಾ ಹ್ಯಾರಿಸ್. 1938ರಲ್ಲಿ ಶುರು ಮಾಡಿದಾಗ ಆಕೆಗೆ ಅರವತ್ತು ದಾಟಿತ್ತು. ಹಳೆಯದನ್ನು ತಿದ್ದುವುದು ಬೇಡ, ಹೊಸದಾಗಿಯೇ ಬರೆಯೋಣ ಅಂತ ಕ್ರೌಲಿಯನ್ನು ಒಪ್ಪಿಸಿದವರೇ ಆಕೆ. ಕೆಲವು ತಿಂಗಳ ಕೆಲಸ ಅಂದುಕೊಂಡದ್ದು ಐದು ವರ್ಷ ಹಿಡಿಯಿತು, ಅದೂ ಯುದ್ಧದ ನಡುವೆ. ಕೆಲವು ಕಾರ್ಡುಗಳನ್ನು ಮತ್ತೆ ಮತ್ತೆ ಬರೆದರು. ಆ ದಿನಗಳಲ್ಲಿ ಕ್ರೌಲಿಯ ಕೈಖರ್ಚಿಗೆ ದುಡ್ಡು ಕೊಡುತ್ತಿದ್ದದ್ದೂ ಆಕೆಯೇ. 1943ರಲ್ಲಿ ಕೆಲಸ ಮುಗಿಯಿತು. ಡೆಕ್ ಅಚ್ಚಾಗಿ ಬಂದದ್ದು 1969ರಲ್ಲಿ. ಅಷ್ಟರಲ್ಲಿ ಕ್ರೌಲಿ ಸತ್ತು 22 ವರ್ಷ ಆಗಿತ್ತು. ಹ್ಯಾರಿಸ್ ಕೊನೆಗಾಲದಲ್ಲಿ ನಮ್ಮ ದೇಶಕ್ಕೇ ಬಂದು 1962ರಲ್ಲಿ ಶ್ರೀನಗರದಲ್ಲಿ ತೀರಿಕೊಂಡಿದ್ದರು. ತಾನು ಬರೆದ 78 ಎಲೆಗಳ ಕಟ್ಟನ್ನು ಆಕೆ ಒಂದು ಸಲವೂ ಕೈಯಲ್ಲಿ ಕಲಸಲಿಲ್ಲ.

ನನ್ನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇರುವುದು ಕ್ರೌಲಿಯ ಹೆಸರು. ನಮ್ಮಮ್ಮ ಹದಿನೆಂಟು ವರ್ಷ ಪೀಸ್ ಲೆಕ್ಕದಲ್ಲಿ ಪ್ಯಾಂಟ್ ಹೊಲಿದರು. ಅವರ ಹೊಲಿಗೆ ಮೇಲೆ ಯಾರ್ಯಾರದೋ ಲೇಬಲ್ ಕೂತಿತು. ಈಗ ಆ ಲೇಬಲ್ ಡಿಸೈನ್ ಮಾಡುವುದು ನಾನು. ಪೆಟ್ಟಿಗೆಯ ಹೆಸರು ನೋಡಿ ಬೇಡ ಅಂದರೆ ಹೊಲಿದ ಕೈಯನ್ನೂ ಬೇಡ ಅಂದಹಾಗೆ ಆಗುತ್ತದೆ ಅನ್ನಿಸಿತು. ಸತ್ತವನಿಗೆ ದುಡ್ಡು ಹೋಗಲ್ಲ ಬಿಡು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಅದನ್ನು ನಾನು ಒಪ್ಪಲ್ಲ. ಈ ಚಿತ್ರಗಳ ಹಕ್ಕು ಅವನೇ ಮುಂದೆ ನಿಂತು ನಡೆಸಿದ್ದ ಸಂಘದ ಹೆಸರಿನಲ್ಲಿದೆ. ಅದು ಗೊತ್ತಿದ್ದೇ ತಗೊಂಡಿದ್ದೇನೆ.

ತಗೊಳ್ಳುವಾಗ ಒಂದು ಸಲ ಮೋಸವೂ ಹೋದೆ. ಆನ್‌ಲೈನಿನಲ್ಲಿ ಒಬ್ಬರು ಆರುನೂರು ರೂಪಾಯಿಗೆ ಕೊಡುತ್ತಿದ್ದರು. ಬಂದದ್ದು ಡೂಪ್ಲಿಕೇಟ್. ಪುಟ್ಟ ಪುಸ್ತಕ ಇರಬೇಕಾದ ಕಡೆ ಒಂದು ಕ್ಯೂಆರ್ ಕೋಡ್ ಚೀಟಿ. ಕಾರ್ಡ್ ತೆಳ್ಳಗೆ, ಒಂದೊಂದರ ಅಂಚು ಒಂದೊಂದು ಅಳತೆ. ಆದರೆ ನನಗೆ ಗುರುತು ಸಿಕ್ಕಿದ್ದು ಬಣ್ಣದಲ್ಲಿ. ಹ್ಯಾರಿಸ್ ಬರೆದದ್ದು ಜಲವರ್ಣದಲ್ಲಿ, ಒಂದರ ಮೇಲೊಂದು ತೆಳುವಾಗಿ. ಪ್ರೊಜೆಕ್ಟಿವ್ ಜ್ಯಾಮಿತಿ (ನೋಡುವ ಜಾಗ ಬದಲಾದರೆ ಆಕಾರ ಹೇಗೆ ಬದಲಾಗಿ ಕಾಣುತ್ತದೆ ಅನ್ನುವ ಲೆಕ್ಕ) ಕಲಿತು ಗೆರೆಗಳನ್ನು ಬಲೆಯ ಹಾಗೆ ಹೆಣೆದಿದ್ದಾರೆ. ನಕಲಿಯಲ್ಲಿ ಆ ಬಲೆಯೆಲ್ಲ ಮುಳುಗಿ ನೀಲಿ ಬರೀ ಮಸಿಯಾಗಿತ್ತು. ಡೂಪ್ಲಿಕೇಟ್ ಲೇಬಲ್ ನೋಡಿ ನೋಡಿ ಪಳಗಿದ ಕಣ್ಣು ನನ್ನದು. ವಾಪಸ್ ಕಳಿಸಿದೆ, ದುಡ್ಡು ಬರಲು ಒಂದು ತಿಂಗಳು ಹಿಡಿಯಿತು. ಅಸಲಿಗೆ ಎರಡು ಸಾವಿರದ ಮೇಲೆ ಬಿತ್ತು.

ಅಸಲಿ ಬಂದ ಮೇಲೆ ನಾನು ಮೊದಲು ಹುಡುಕಿದ್ದು ಅಡ್ಜಸ್ಟ್‌ಮೆಂಟ್ ಕಾರ್ಡ್. ಬೇರೆ ಡೆಕ್ಕುಗಳಲ್ಲಿ ಇದು ನ್ಯಾಯದ ಕಾರ್ಡ್, ರಾಜನ ಹಾಗೆ ಪೀಠದ ಮೇಲೆ ಕೂತಿರುತ್ತದೆ. ಇಲ್ಲಿ ಒಬ್ಬ ಹೆಂಗಸು ತುದಿಗಾಲಲ್ಲಿ ನಿಂತಿದ್ದಾಳೆ. ಮುಖಕ್ಕೆ ಮುಖವಾಡ. ಕತ್ತಿ ಕೆಳಮುಖವಾಗಿದೆ. ತಕ್ಕಡಿ ಅವಳ ಕೈಯಲ್ಲಿಲ್ಲ, ಕಿರೀಟದಿಂದಲೇ ಎರಡು ತಟ್ಟೆ ಇಳಿಬಿದ್ದಿವೆ. ಅಂದರೆ ಅವಳು ಚೂರು ಅಲುಗಿದರೂ ತೂಕ ತಪ್ಪುತ್ತದೆ. ಹಸಿರು ನೀಲಿಗೆ ಸೇರುವ ಜಾಗದಲ್ಲಿ ಗೋಲಗಳು ಒಂದರೊಳಗೊಂದು ತೇಲುತ್ತವೆ. ಇದನ್ನು ಕಿಟಕಿ ಹತ್ತಿರ, ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಅರ್ಧ ಕಾಣಲ್ಲ.

ಇನ್ನೊಂದು ಎಂಟರ ಡಿಸ್ಕ್. ಇಸ್ಪೀಟಿನ ಹಾಗೆ ಟ್ಯಾರೋದಲ್ಲೂ ನಾಲ್ಕು ಗುಂಪು, ಡಿಸ್ಕ್, ಕತ್ತಿ ಅವುಗಳಲ್ಲಿ ಎರಡು. ಒಂದು ಮರ, ಎಂಟು ಹೂವು, ಪ್ರತಿ ಹೂವಿಗೂ ಅಗಲ ಎಲೆಯ ನೆರಳು. ನಮ್ಮ ಏಪ್ರಿಲ್ ಬಿಸಿಲು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ತಕರಾರು. ಎರಡರಿಂದ ಹತ್ತರವರೆಗಿನ 36 ಕಾರ್ಡುಗಳ ಕೆಳಗೆ ಒಂದೊಂದು ಇಂಗ್ಲಿಷ್ ಪದ ಅಚ್ಚಾಗಿದೆ. ಲವ್, ವೆಲ್ತ್, ವರಿ, ಡಿಫೀಟ್ (ಪ್ರೀತಿ, ಸಿರಿ, ಚಿಂತೆ, ಸೋಲು), ಹೀಗೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದರೆ ಅದೂ ಒಂದೇ ಸಾಲು. ಆದರೆ ಆ ಸಾಲನ್ನು ಮನೆಗೆ ಹೊತ್ತುಕೊಂಡು ಬಂದು ಒಬ್ಬರು ಮಳೆ ಅನ್ನುತ್ತಾರೆ, ಒಬ್ಬರು ಬೆಳೆ ಅನ್ನುತ್ತಾರೆ, ಒಬ್ಬರು ಮುಂದಿನ ಸರ್ಕಾರ ಅನ್ನುತ್ತಾರೆ. ಈ ಪದಗಳು ಹಾಗೆ ಬಿಡಲ್ಲ, ಬಾಗಿಲು ಹಾಕಿಬಿಡುತ್ತವೆ.

ಮೊದಲ ತಿಂಗಳಲ್ಲೇ ಇದರ ಬಿಸಿ ತಟ್ಟಿತು. ನಮ್ಮ ಓಣಿಯ ಹುಡುಗಿ, ಸಾಲದ ಚಿಂತೆಯಲ್ಲಿದ್ದವಳು, ಎಳೆದದ್ದು ಹತ್ತರ ಕತ್ತಿ. "ಅಕ್ಕಾ, ರೂಯಿನ್ ಅಂದ್ರ ಏನ್ರಿ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಾಳು ಅಂದೆ. ಅವಳು ಆಮೇಲೆ ಒಂದು ಮಾತೂ ಆಡಲಿಲ್ಲ, ಚಹಾ ಹಾಗೇ ಆರಿತು. ಮರುದಿನ ನಾನೇ ಅವರ ಮನೆಗೆ ಹೋಗಿ ಕೂತು ಮಾತಾಡಿಸಿ ಬಂದೆ. ಅವತ್ತಿನಿಂದ ಆ ಪದದ ಮೇಲೆ ಹೆಬ್ಬೆರಳು ಇಟ್ಟೇ ಕಾರ್ಡ್ ತೋರಿಸುತ್ತೇನೆ. ಮೊದಲು ಚಿತ್ರ ನೋಡು, ಏನು ಕಾಣುತ್ತೆ ಹೇಳು ಅನ್ನುತ್ತೇನೆ.

ಲಸ್ಟ್ ಅನ್ನುವ ಕಾರ್ಡಿನಲ್ಲಿ ಸಿಂಹದ ಮೇಲೆ ಬತ್ತಲೆ ಹೆಂಗಸು ಇದ್ದಾಳೆ, ಬೇರೆ ಕಾರ್ಡುಗಳಲ್ಲೂ ಬತ್ತಲೆ ಇದೆ. ಮನೆಯಲ್ಲಿ ಮಕ್ಕಳು, ಹಿರಿಯರು ಇದ್ದರೆ ನೋಡಿಕೊಂಡು ಹರಡಿ. ಕಾರ್ಡಿನ ಅರ್ಥಕ್ಕೆ ಕ್ರೌಲಿ 1944ರಲ್ಲಿ ತಂದ ಪುಸ್ತಕ ಇದೆ. ಓದಿದೆ. ಗ್ರಹ, ಹೀಬ್ರೂ ಅಕ್ಷರ ಎಲ್ಲ ಗೊತ್ತಿದ್ದರೆ ಉಪಯೋಗ ಉಂಟು, ಇಲ್ಲದಿದ್ದರೆ ತಲೆನೋವು.

ಈಗ ನಾನು ಒಬ್ಬಳೇ ಕೂತಾಗ ಥೋತ್ ತೆಗೆಯುತ್ತೇನೆ. ಭಯದಲ್ಲಿ ಬಂದವರಿಗೆ ಹಳೇ ರೈಡರ್ ವೇಟ್. ಕ್ರೌಲಿ ಯಾರು ಅಂತ ಕೇಳಿದವರಿಗೆ ಆ ಬೆಟ್ಟದ ಸುದ್ದಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಅದನ್ನು ಕೇಳಿ ಒಬ್ಬಿಬ್ಬರು ಈ ಡೆಕ್ ಮುಟ್ಟಲ್ಲ ಅಂದಿದ್ದಾರೆ. ಅವರ ಮೇಲೆ ನನಗೆ ಬೇಸರ ಇಲ್ಲ.

ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದೇನೆ. ಕಾರ್ಡುಗಳಿಗೆ ಉಳಿದ ಡೆನಿಮ್ ತುಂಡಿನಲ್ಲಿ ಅಮ್ಮ ಚೀಲ ಹೊಲಿದುಕೊಟ್ಟರು. ಅದರ ಮೇಲೆ ಹಚ್ಚಲು ನಾನು ಒಂದು ಪ್ಯಾಚ್ ಮಾಡಿದೆ: ಫ್ರೀಡಾ ಹ್ಯಾರಿಸ್, 1938–1943. ಅತ್ತಿಗೆ ಹೇಳಿದಂತೆ ದೇವರ ಮನೆಯಿಂದ ದೂರ, ಹೊಲಿಗೆ ಮಶೀನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.